ವಾಚನಾಲಯದ ಕಂಪ್ಯೂಟರಿಗೆ ಬೇರೆ ಪ್ರೊಸೆಸರ್: ಬದಲಿಸುವ ಮುನ್ನ ತಿಳಿದಿರಬೇಕಾದದ್ದು



ಸೊಲ್ಲಾಪುರದ ನಮ್ಮ ಸಂಘದ ಹಳೆಯ ರಾಜ್ಯೋತ್ಸವ ಸಂಚಿಕೆಗಳ ಕಾಗದ ಈಗ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದೆ. ಪುಟಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶದಿಂದ ಚಿತ್ರದಲ್ಲಿನ ಕನ್ನಡ ಅಕ್ಷರಗಳನ್ನು ಪಠ್ಯವಾಗಿಸುವ ಕೆಲಸವನ್ನು ವಾಚನಾಲಯದ ಕಂಪ್ಯೂಟರಿನಲ್ಲಿ ಆರಂಭಿಸಿದ್ದೆವು. ಹತ್ತು ವರ್ಷ ದಾಟಿದ ಆ ಯಂತ್ರಕ್ಕೆ ಒಂದು ಸಂಚಿಕೆ ಹಾಕಿದರೆ ಅಂದು ಬೇರೆ ಕೆಲಸವೇ ಆಗುತ್ತಿರಲಿಲ್ಲ. ಹೊಸದನ್ನು ಕೊಳ್ಳುವಷ್ಟು ಹಣ ಸಂಘದಲ್ಲಿ ಇರಲಿಲ್ಲವಾದ್ದರಿಂದ ಪ್ರೊಸೆಸರ್ ಮಾತ್ರ ಬದಲಿಸಿದೆವು. ನಮ್ಮ ಮನೆಯ, ಅಂಗಡಿಯ ಕಂಪ್ಯೂಟರಿಗೂ ಹೀಗೆ ಮಾಡಬಹುದೇ ಎಂದು ಹಲವು ಸದಸ್ಯರು ಕೇಳುತ್ತಿರುವುದರಿಂದ ಇಷ್ಟು ಬರೆಯುತ್ತಿದ್ದೇವೆ.

ಮೇಜಿನ ಕೆಳಗಿನ ಇಡೀ ಡಬ್ಬಿಯನ್ನೇ ಸಿಪಿಯು ಎನ್ನುವುದು ನಮ್ಮಲ್ಲಿ ರೂಢಿ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅದರೊಳಗೆ ಮದರ್‌ಬೋರ್ಡಿನ ಮೇಲೆ ಫ್ಯಾನಿನಡಿ ಕೂತಿರುವ ಬಿಸ್ಕೀಟಿನಷ್ಟು ಗಾತ್ರದ ಚೌಕ. ತಂತ್ರಾಂಶದ ಆದೇಶಗಳನ್ನು ಒಂದೊಂದಾಗಿ ತೆಗೆದುಕೊಂಡು ನಡೆಸುವುದು ಅದರ ಕೆಲಸ. 3.1 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 310 ಕೋಟಿ ಮಿಡಿತ. ಆದರೆ ಈ ಅಂಕಿಯೊಂದನ್ನೇ ನೋಡಿ ಕೊಳ್ಳಬಾರದು. ಕೋರ್‌ಗಳು ಎಷ್ಟು ಎಂಬುದೂ ಮುಖ್ಯ. ಕೋರ್ ಎಂದರೆ ಒಂದು ಮಗ್ಗವಿದ್ದಂತೆ. ಒಂದೇ ಚಾದರವನ್ನು ನಾಲ್ಕು ಮಗ್ಗಗಳಿಗೆ ಹಂಚಲಾಗದು. ನಾಲ್ಕು ಚಾದರಗಳಿದ್ದರೆ ನಾಲ್ಕೂ ಮಗ್ಗ ನಡೆಯುತ್ತವೆ. ಪತ್ರ ಟೈಪ್ ಮಾಡುವವರಿಗೆ ಹೆಚ್ಚು ಕೋರ್‌ಗಳಿಂದ ಅಂಥ ಲಾಭವೇನಿಲ್ಲ. ನೂರಾರು ಪುಟಗಳನ್ನು ಓದಿಸುವ ನಮ್ಮ ಕೆಲಸಕ್ಕೆ ಲಾಭವಿದೆ, ಏಕೆಂದರೆ ಒಂದೊಂದು ಕೋರಿಗೆ ಒಂದೊಂದು ಪುಟ ಕೊಡಬಹುದು.

ಕಂಪ್ಯೂಟರ್ ನಿಧಾನವಾಯಿತೆಂದರೆ ತಪ್ಪು ಪ್ರೊಸೆಸರಿನದೇ ಎಂದಲ್ಲ. ಹಣ ಖರ್ಚು ಮಾಡುವ ಮೊದಲು ಕೆಲಸ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಸದಾ 100 ಪ್ರತಿಶತ ತೋರಿಸಿದರೆ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ, ಹೆಚ್ಚಿನವರಿಗೆ ಅಷ್ಟೇ ಸಾಕು. ಮೆಮೊರಿ ತುಂಬಿದ್ದರೆ ರ್‍ಯಾಮ್ ಹೆಚ್ಚಿಸಿ. ಅವೆರಡೂ ಆರಾಮವಾಗಿದ್ದು ಸಿಪಿಯು ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ಆಗ ಪ್ರೊಸೆಸರಿನ ಮಾತು. ಆಗಲೂ ಒಮ್ಮೆ ಫ್ಯಾನಿನ ಧೂಳು ತೆಗೆಯಿಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಧೂಳು ಕಟ್ಟಿದ ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ.

ಯಾವ ಪ್ರೊಸೆಸರ್ ಕೂರುತ್ತದೆ ಎಂಬುದನ್ನು ಮದರ್‌ಬೋರ್ಡ್ ನಿರ್ಧರಿಸುತ್ತದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಸಾಕೆಟ್, ಬೋರ್ಡಿನ ಮಾದರಿ, ಬಯೋಸ್ ಆವೃತ್ತಿ ಮೂರನ್ನೂ ತೋರಿಸುತ್ತದೆ. ನಮ್ಮದು ಎಲ್‌ಜಿಎ 1155 ಸಾಕೆಟ್, ಎಚ್61 ಚಿಪ್‌ಸೆಟ್. ಇದ್ದ ಪ್ರೊಸೆಸರ್ ಎರಡು ಕೋರಿನ ಇಂಟೆಲ್ ಐ3-2100. ಅದೇ ಸಾಕೆಟ್ಟಿಗೆ ಕೂರುವ ನಾಲ್ಕು ಕೋರಿನ ಐ5-3470 ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಮೊದಲಿನದು 65 ವ್ಯಾಟಿನದಾದರೆ ಇದು 77 ವ್ಯಾಟ್, ಹಳೆಯ ಫ್ಯಾನೇ ಸಾಕಾಯಿತು.

ಆದರೆ ಹಾಕಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತೇ ಹೊರತು ಪರದೆಯ ಮೇಲೆ ಏನೂ ಬರಲಿಲ್ಲ. ಅಂಗಡಿಯವರು ಕೆಟ್ಟ ಮಾಲು ಕೊಟ್ಟರೆಂದು ನಾವು ಗೊಣಗಿದ್ದೂ ಆಯಿತು. ತಪ್ಪು ನಮ್ಮದೇ. ಐ3-2100 ಬಂದದ್ದು 2011ರಲ್ಲಿ, ಐ5-3470 ಅದರ ಮುಂದಿನ ಪೀಳಿಗೆಯದು, 2012ರದು. ಸಾಕೆಟ್ ಒಂದೇ ಆದರೂ ನಮ್ಮ ಬೋರ್ಡಿನ ಹಳೆಯ ಬಯೋಸಿಗೆ ಅದರ ಗುರುತಿಲ್ಲ. ಹಳೆಯ ಪ್ರೊಸೆಸರನ್ನೇ ಮತ್ತೆ ಕೂರಿಸಿ, ಬೋರ್ಡ್ ತಯಾರಕರ ತಾಣದಿಂದ ಹೊಸ ಬಯೋಸನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಅಳವಡಿಸಿದೆವು. ಈ ಕೆಲಸವನ್ನು ಯುಪಿಎಸ್ ಇಲ್ಲದೆ ಮಾಡಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಲಸಕ್ಕೆ ಬಾರದಂತಾಗಬಹುದು.

ಇನ್ನು ಕೈಕೆಲಸ. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿ, ಉಳಿದ ವಿದ್ಯುತ್ ಹೋಗಲಿ. ಚಳಿಗಾಲದ ಒಣ ಹವೆಯಲ್ಲಿ ಮೈಮೇಲಿನ ಸ್ಥಾಯೀ ವಿದ್ಯುತ್ ಚಿಪ್ಪನ್ನು ಕೆಡಿಸಬಲ್ಲದು. ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಳ್ಳಿ. ಫ್ಯಾನಿನ ನಾಲ್ಕು ಗುಬ್ಬಿಗಳನ್ನು ಬಾಣದ ದಿಕ್ಕಿಗೆ ತಿರುಗಿಸಿ ಮೇಲೆತ್ತಬೇಕು, ಮತ್ತೆ ಕೂರಿಸುವಾಗ ಮೊದಲು ಹಿಂದಕ್ಕೆ ತಿರುಗಿಸಿಯೇ ಒತ್ತಬೇಕು. ಸಾಕೆಟ್ಟಿನ ಪಕ್ಕದ ಸನ್ನೆಯನ್ನು ಒತ್ತಿ ಬಿಡಿಸಿದರೆ ಮುಚ್ಚಳ ತೆರೆಯುತ್ತದೆ. ಒಳಗೆ ಕಾಣುವ 1155 ಸಣ್ಣ ಮುಳ್ಳುಗಳಿಗೆ ಬೆರಳು ತಾಗಬಾರದು. ಒಂದು ಬಾಗಿದರೂ ಸರಿಪಡಿಸುವುದು ಬಹಳ ಕಷ್ಟ. ಪ್ರೊಸೆಸರಿನ ಅಂಚಿನ ಎರಡು ಕಚ್ಚುಗಳನ್ನು ಸಾಕೆಟ್ಟಿಗೆ ಹೊಂದಿಸಿ, ಒತ್ತದೆ, ನೇರವಾಗಿ ಇಳಿಸಿಬಿಡಿ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸದನ್ನು ತೊಗರಿ ಕಾಳಿನಷ್ಟು ಮಾತ್ರ ನಡುವೆ ಇಡಿ. ಫ್ಯಾನಿನ ವೈರು ಸಿಕ್ಕಿಸಲು ಮರೆಯಬೇಡಿ.

ಎಎಂಡಿಯ ಎಎಂ4 ಇರುವವರಿಗೆ ಬೇರೆ ಎಚ್ಚರಿಕೆ. ಅದರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲೇ. ಒಣಗಿದ ಪೇಸ್ಟಿನ ಹಿಡಿತಕ್ಕೆ ಫ್ಯಾನಿನ ಜೊತೆ ಅದೂ ಕಿತ್ತು ಬರುವುದುಂಟು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸಿ ಪೇಸ್ಟ್ ಬೆಚ್ಚಗಾದ ಮೇಲೆ ಆರಿಸಿ, ಫ್ಯಾನಿನ ಹೀಟ್‌ಸಿಂಕನ್ನು ಮೆಲ್ಲಗೆ ತಿರುವಿ ಬಿಡಿಸಿ. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆ ಆಸೆ ಬಿಡಿ.

ವಿಂಡೋಸ್ 11 ಬೇಕೆಂದು ಪ್ರೊಸೆಸರ್ ಬದಲಿಸುವವರೂ ಯೋಚಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 1155 ಸಾಕೆಟ್ಟಿನ ಯಾವ ಪ್ರೊಸೆಸರೂ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ನಾವು ಉಬುಂಟು ಹಾಕಿಕೊಂಡಿದ್ದೇವೆ, ಯುನಿಕೋಡ್ ಕನ್ನಡಕ್ಕೆ ತೊಂದರೆಯಿಲ್ಲ.

ಈಗ ನಾಲ್ಕು ಪುಟಗಳನ್ನು ಒಟ್ಟಿಗೆ ಓದಿಸುತ್ತಿದ್ದೇವೆ. ಒತ್ತಕ್ಷರಗಳಲ್ಲಿ ತಪ್ಪುಗಳು ಉಳಿಯುತ್ತವೆ, ಅವನ್ನು ತಿದ್ದಲು ಕನ್ನಡ ಬಲ್ಲ ಕಣ್ಣುಗಳೇ ಬೇಕು. ಬಿಡುವಿದ್ದವರು ಭಾನುವಾರ ಸಂಜೆ ವಾಚನಾಲಯಕ್ಕೆ ಬನ್ನಿ. ತೆಗೆದ ಐ3-2100 ಕಪಾಟಿನಲ್ಲಿದೆ, ಅದೇ ಸಾಕೆಟ್ಟಿನ ಬೋರ್ಡ್ ಇದ್ದವರು ಕೇಳಿ ಒಯ್ಯಬಹುದು.