ಆಮೆ ವಾಲಿತೇ? ತಡ ಬೇಡ!

ಡಿಸೆಂಬರ್ ಚಳಿಯ ಬೆಳಗು. ಶಾಲೆಗೆ ಹೊರಟ ಹುಡುಗ ಗಾಜಿನ ತೊಟ್ಟಿಯ ಮುಂದೆ ನಿಂತು, 'ಅಮ್ಮಾ, ಆಮೆ ಒಂದೇ ಕಡೆ ವಾಲಿಕೊಂಡು ತೇಲ್ತಿದೆ. ಎರಡು ದಿನದಿಂದ ಏನೂ ತಿಂದಿಲ್ಲ' ಎನ್ನುತ್ತಾನೆ. 'ಚಳಿಗೆ ಮಂಕಾಗಿರತ್ತೆ, ಬಿಡೋ. ಬಸ್ಸಿಗೆ ಹೊತ್ತಾಯ್ತು' ಎನ್ನುತ್ತಾಳೆ ಅಮ್ಮ. ಆಮೆ ಸಾಕಿದ ಮನೆಗಳಲ್ಲಿ ಎಡವುವುದೇ ಇಲ್ಲಿ.

ಅಕ್ವೇರಿಯಂ ಅಂಗಡಿಗಳಿಂದ ಮನೆ ಸೇರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಈ ಆಮೆಯ ತವರು ಅಮೆರಿಕದ ಮಿಸಿಸಿಪಿ ನದಿಯ ಕಣಿವೆ. ಎಲ್ಲ ಸರೀಸೃಪಗಳಂತೆ ಇದಕ್ಕೂ ಮೈಬಿಸಿ ಹೊರಗಿನಿಂದಲೇ ಬರಬೇಕು. ಮೈ ತಣ್ಣಗಾದರೆ ಜೀರ್ಣಶಕ್ತಿಯೂ ಕುಗ್ಗುತ್ತದೆ, ರೋಗ ನಿರೋಧಕ ಶಕ್ತಿಯೂ ಕುಗ್ಗುತ್ತದೆ. ಮೇಲಾಗಿ, ಕಾಯಿಲೆಯನ್ನು ಬಚ್ಚಿಡುವುದು ಇದರ ಸ್ವಭಾವ. ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಬಲಿತಿರುತ್ತದೆ.

ಹಾಗಾದರೆ ತುರ್ತು ಯಾವುದು? ವಾಲಿ ತೇಲುವುದು, ಬಾಯಿ ತೆರೆದು ಉಸಿರಾಡುವುದು, ಮೂಗಿನಿಂದ ಗುಳ್ಳೆ ಬರುವುದು ನ್ಯುಮೋನಿಯಾದ ಲಕ್ಷಣಗಳಿರಬಹುದು. ನಾಯಿ ಕಚ್ಚಿಯೋ ಕೆಳಗೆ ಬಿದ್ದೋ ಚಿಪ್ಪು ಒಡೆದರೆ, ರಕ್ತ ಸೋರಿದರೆ ಒಂದು ಗಂಟೆಯೂ ಕಾಯಬಾರದು. ಕಣ್ಣು ಊದಿ ಮುಚ್ಚಿದ್ದರೆ 'ಎ' ಜೀವಸತ್ವದ ಕೊರತೆ, ಚಿಪ್ಪು ಮೆತ್ತಗಾಗಿದ್ದರೆ ಸುಣ್ಣದಂಶ ಮತ್ತು ಬಿಸಿಲಿನ ಕೊರತೆ ಇರಬಹುದು. ಇವನ್ನೂ ವೈದ್ಯರಿಗೆ ತೋರಿಸಲೇಬೇಕು.

ಆಸ್ಪತ್ರೆ ತಲುಪುವ ಮುನ್ನ ಮನೆಯವರು ಮಾಡಬೇಕಾದ್ದು ಕಡಿಮೆ. ಸೋತ ಆಮೆ ನೀರಿನಲ್ಲೇ ಮುಳುಗಿ ಸಾಯಬಲ್ಲದು. ಆದ್ದರಿಂದ ಅದನ್ನು ಹೊರತೆಗೆದು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಇಡಬೇಕು. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಸಾಕು. ಒಡೆದ ಚಿಪ್ಪನ್ನು ಸಲೈನ್‌ನಿಂದ ತೊಳೆದು ಶುಭ್ರ ಬಟ್ಟೆ ಮುಚ್ಚಬೇಕು. ಅರಿಶಿನ, ಎಣ್ಣೆ, ಅಂಟು ಬೇಡ. ಬಾಯಿಗೆ ನೀರು, ಆಹಾರ ತುರುಕಬಾರದು. ಜಾನುವಾರುಗಳ ಹುಳುಬಾಧೆಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ಪ್ರಾಣಾಂತಕ. ಅಲುಗಾಡದೆ ಬಿದ್ದಿದ್ದರೂ ಸತ್ತಿತೆಂದು ತೀರ್ಮಾನಿಸುವುದು ವೈದ್ಯರಿಗೇ ಬಿಟ್ಟದ್ದು.

ಎಲ್ಲ ಪಶುವೈದ್ಯರೂ ಆಮೆಗೆ ಚಿಕಿತ್ಸೆ ಕೊಡುವುದಿಲ್ಲ. ಕೊಡುವವರ ಫೋನ್ ನಂಬರನ್ನು ಆಮೆ ಆರೋಗ್ಯವಾಗಿರುವಾಗಲೇ ವಿಚಾರಿಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಜಾಣತನ.

ಆಮೆಯನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲೇಬೇಕು. ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತಿದ್ದುದರಿಂದಲೇ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಸಾಕುವುದು ಬೇಸರವಾಯಿತೆಂದು ಕೆರೆಗೆ ಬಿಟ್ಟರೆ ಊರಿನ ಆಮೆಗಳಿಗೆ ಕುತ್ತು. ಇನ್ನು ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ನಾಯಿಯಾದರೆ ಕುಂಯ್‌ಗುಟ್ಟುತ್ತದೆ, ಬೆಕ್ಕಾದರೆ ಕಾಲಿಗೆ ಸುತ್ತುತ್ತದೆ. ಆಮೆಗೆ ಆ ಭಾಷೆಯಿಲ್ಲ. ಅದರ ಪರವಾಗಿ ಹೇಳಿದವನು ಆ ಹುಡುಗನೊಬ್ಬನೇ.