ಮೋಡ ಖಾನಾಪುರದಲ್ಲಿ, ಅನುದಾನ ಬೆಳಗಾವಿಯಲ್ಲಿ

ಕಣಕುಂಬಿಯಲ್ಲಿ ಜುಲೈ ತಿಂಗಳ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಈ ಊರು ಖಾನಾಪುರ ತಾಲ್ಲೂಕಿನದು. ವರ್ಷದ ಮಳೆ ಇಲ್ಲಿ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಮಲಪ್ರಭೆ ಹುಟ್ಟುವುದು ಇಲ್ಲೇ. ಇದೇ ತಾಲ್ಲೂಕಿನ ದೇಗಾಂವ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ ಗೋವಾದ ಕಡೆ ಇಳಿಯುತ್ತದೆ. ಬೈಲೂರಿನ ಬೆಟ್ಟಗಳಿಂದ ಹೊರಟ ಮಾರ್ಕಂಡೇಯ ರಕ್ಕಸಕೊಪ್ಪ ಜಲಾಶಯದಲ್ಲಿ ನಿಂತು, ಬೆಳಗಾವಿ ನಗರಕ್ಕೆ ಕುಡಿಯಲು ಕೊಟ್ಟು, ಮುಂದೆ ಗೋಕಾಕದ ಕಡೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಬೆಳಗಾವಿಯ ನಲ್ಲಿಯಲ್ಲಿ ಬರುವ ನೀರಿನ ಒಂದು ಪಾಲಿಗೂ, ಹುಬ್ಬಳ್ಳಿ-ಧಾರವಾಡದವರು ಸವದತ್ತಿ ಹತ್ತಿರದ ನವಿಲುತೀರ್ಥದಿಂದ ತರಿಸಿಕೊಳ್ಳುವ ನೀರಿಗೂ ಈ ಕಾಡೇ ತವರು.

ಆ ಕಾಡಿನ ಮಳೆ ಲಯ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಜಿಲ್ಲೆ 2019ರ ಆಗಸ್ಟ್‌ನಲ್ಲಿ ನೋಡಿತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಖಾನಾಪುರ ಪಟ್ಟಣದ ಮಗ್ಗುಲಲ್ಲೇ ಹರಿಯುವ ಮಲಪ್ರಭೆ ದಡ ಮೀರಿತು. ಬೆಳಗಾವಿ ನಗರದೊಳಗೆ ಬಳ್ಳಾರಿ ನಾಲಾ ತುಂಬಿ ಹರಿದು ಬಡಾವಣೆಗಳಿಗೆ ನುಗ್ಗಿತು. ಶಹಾಪುರ, ವಡಗಾವಿ, ಅನಗೋಳ, ಯಳ್ಳೂರು ಭಾಗದ ಗದ್ದೆಗಳು ಬೆಳಗಾವಿ ಬಾಸುಮತಿ ಅಕ್ಕಿಗೆ ಹೆಸರಾದವು. ಹೂಳು ಮತ್ತು ಕೊಳಚೆ ತುಂಬಿದ ನಾಲಾದ ನೀರು ಪ್ರತಿ ಮಳೆಗಾಲದಲ್ಲಿ ಅದೇ ಗದ್ದೆಗಳ ಮೇಲೆ ನಿಲ್ಲುತ್ತದೆ. ಅಲ್ಲಿನ ರೈತರು ಹೂಳು ತೆಗೆಯಿರಿ, ನಾಲಾ ಅಗಲ ಮಾಡಿ ಎಂದು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನಾಲ್ಕು ವರ್ಷ ಕಳೆದು 2023ರ ಜೂನ್‌ನಲ್ಲಿ ಮುಂಗಾರು ತಡವಾದಾಗ ರಕ್ಕಸಕೊಪ್ಪದ ನೀರು ಇಳಿದು ಇದೇ ನಗರ ಕುಡಿಯುವ ನೀರಿಗೆ ಆತಂಕಪಟ್ಟಿತು. ನೆರೆಗೆ ಒಂದು ಇಲಾಖೆ, ಬರಕ್ಕೆ ಇನ್ನೊಂದು, ಕಸಕ್ಕೆ ಮತ್ತೊಂದು ಎಂದು ಹಂಚಿಕೊಂಡು ಕೂತರೆ ಇದಕ್ಕೆ ಪರಿಹಾರ ಸಿಗದು. ಇವೆಲ್ಲವನ್ನೂ ಒಂದೇ ನಕ್ಷೆಯ ಮೇಲಿಟ್ಟು ನೋಡುವ ಕೆಲಸಕ್ಕೇ ಹವಾಮಾನ ಕ್ರಿಯಾ ಯೋಜನೆ ಎನ್ನುತ್ತಾರೆ.

ಆ ಕೆಲಸಕ್ಕೆ ದುಡ್ಡು ಎಲ್ಲಿಂದ?

ಬೆಳಗಾವಿಯ ಮಟ್ಟಿಗೆ ಒಂದು ಉತ್ತರವಿದೆ. ಕೇಂದ್ರ ಸಚಿವ ಸಂಪುಟ 2023ರ ಮೇ 31ರಂದು ‘ಸಿಟೀಸ್ 2.0’ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಒಟ್ಟು 1,866 ಕೋಟಿ ರೂಪಾಯಿ. ಅದರಲ್ಲಿ 1,760 ಕೋಟಿ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಮತ್ತು ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ ಕೊಡುವ ಸಾಲ, 106 ಕೋಟಿ ಐರೋಪ್ಯ ಒಕ್ಕೂಟದ ಅನುದಾನ. ದೇಶದ 18 ನಗರಗಳು ಆಯ್ಕೆಯಾದವು, ಅವುಗಳಲ್ಲಿ ಬೆಳಗಾವಿಯೂ ಒಂದು. 2025ರ ಮಾರ್ಚ್‌ನಲ್ಲಿ ಜೈಪುರದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಇದರ ಮೊದಲ ಸುತ್ತಿನಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಉಣಕಲ್ ನಾಲಾದ ಗುಂಟ ಹಸಿರು ಸಂಚಾರ ಪಥ ಮಾಡಲು ನೆರವು ಸಿಕ್ಕಿತ್ತು.

ಮೊತ್ತ ದೊಡ್ಡದೆನಿಸಬಹುದು. ಎಲ್ಲವನ್ನೂ 18 ನಗರಗಳಿಗೇ ಸಮನಾಗಿ ಹಂಚಿದರೂ ತಲಾ ನೂರು ಕೋಟಿಯ ಆಸುಪಾಸು. ನಗರಗಳಿಗೆ ಬರುವ ಈ ಹಣ ಮುಖ್ಯವಾಗಿ ಕಸದ ಸಮಗ್ರ ನಿರ್ವಹಣೆಗೆ, ಅಂದರೆ ಬಿಸಾಡಿದ್ದನ್ನು ಮತ್ತೆ ಬಳಕೆಗೆ ತರುವ ವ್ಯವಸ್ಥೆಗೆ. ಅದು ಬೇಕು. ತುರಮುರಿಯ ಘಟಕಕ್ಕೆ ಹೋಗುವ ಬೆಳಗಾವಿಯ ಹಸಿಕಸ ಕೊಳೆತಾಗ ಹೊಮ್ಮುವ ಮೀಥೇನ್, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಪ್ರಬಲ. ಆದರೆ ನೆರೆಯ ನೀರು ಎಲ್ಲಿ ನಿಲ್ಲುತ್ತದೆ, ಯಾವ ಓಣಿ ಬೇಸಿಗೆಯಲ್ಲಿ ಹೆಚ್ಚು ಕಾಯುತ್ತದೆ, ರಕ್ಕಸಕೊಪ್ಪ ಬತ್ತಿದರೆ ಹಿಡಕಲ್ ಜಲಾಶಯದಿಂದ ಎಷ್ಟು ನೀರು ತರಬಹುದು ಎಂಬ ಪ್ರಶ್ನೆಗಳಿಗೆ ಕಸದ ಯೋಜನೆ ಉತ್ತರಿಸುವುದಿಲ್ಲ.

ಕಾರ್ಯಕ್ರಮದ ಎರಡನೇ ಭಾಗದ ಬಗ್ಗೆ ಸಾರ್ವಜನಿಕ ಚರ್ಚೆ ಕಡಿಮೆ. ನನಗೆ ಮುಖ್ಯವಾಗಿ ಕಾಣುವುದು ಅದೇ. ಅದು ಆಯ್ದ 18 ನಗರಗಳಿಗೆ ಸೀಮಿತವಲ್ಲ. ಪ್ರತಿ ರಾಜ್ಯದಲ್ಲಿ ಹವಾಮಾನ ಕೇಂದ್ರ ಕಟ್ಟುವುದು, ಮಾಹಿತಿ ಸಂಗ್ರಹಿಸುವುದು, ನಗರ ಸ್ಥಳೀಯ ಸಂಸ್ಥೆಗಳ ಸಿಬ್ಬಂದಿಗೆ ತರಬೇತಿ ಕೊಡುವುದು, ಕ್ರಿಯಾ ಯೋಜನೆ ಬರೆಯಲು ನೆರವಾಗುವುದು ಅದರ ಉದ್ದೇಶ. ಖಾನಾಪುರಕ್ಕೆ ಬಾಗಿಲು ತೆರೆಯುವುದಾದರೆ ಇಲ್ಲಿಂದಲೇ ತೆರೆಯಬೇಕು.

ಏಕೆಂದರೆ ಖಾನಾಪುರದ್ದು ಪಟ್ಟಣ ಪಂಚಾಯಿತಿ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 20 ಸಾವಿರದೊಳಗೆ. ಇಂಥ ಕಚೇರಿಯಲ್ಲಿ ಮುಖ್ಯಾಧಿಕಾರಿ, ಎಂಜಿನಿಯರ್, ಆರೋಗ್ಯ ನಿರೀಕ್ಷಕರು ಬೀದಿದೀಪ, ಚರಂಡಿ, ಕರ ವಸೂಲಿಯಲ್ಲೇ ಮುಳುಗಿರುತ್ತಾರೆ. ಮಳೆಯ ಅಂಕಿ-ಅಂಶ ಕೂಡಿಸಿ ಮುಂದಿನ ಇಪ್ಪತ್ತು ವರ್ಷದ ಯೋಜನೆ ಬರೆಯಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ, ಅದಕ್ಕೆಂದು ಒಂದು ಹುದ್ದೆಯೂ ಇಲ್ಲ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ 1,21,055 ಕೋಟಿ ರೂಪಾಯಿ ಶಿಫಾರಸು ಮಾಡಿತು. ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಪಾಲಿನಲ್ಲಿ ಶೇ 60ರಷ್ಟು ಹಣ ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯ, ಕಸ ವಿಲೇವಾರಿಗೆ ಮೀಸಲಾಗಿತ್ತು. ಬೆಳಗಾವಿಯೂ ಖಾನಾಪುರವೂ ಈ ವರ್ಗಕ್ಕೇ ಸೇರುತ್ತವೆ. ಪೈಪು, ಟ್ರ್ಯಾಕ್ಟರು, ಟ್ಯಾಂಕುಗಳಿಗೆ ಬಿಲ್ ಆಗುತ್ತದೆ. ಯೋಚಿಸುವ ಕೆಲಸಕ್ಕೆ ಬಿಲ್ ಆಗುವುದಿಲ್ಲ.

ದೊಡ್ಡ ನಗರಗಳಿಗೆ ಈ ತೊಂದರೆ ಇಲ್ಲ. ಬೆಂಗಳೂರು 2023ರ ನವೆಂಬರ್‌ನಲ್ಲಿ ತನ್ನ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. ಮಹಾನಗರಗಳ ಅಂತರರಾಷ್ಟ್ರೀಯ ಒಕ್ಕೂಟ ಸಿ40 ಬೆನ್ನಿಗಿತ್ತು. ಇಂಗಾಲದ ಹೊರಸೂಸುವಿಕೆಯನ್ನು 2050ರೊಳಗೆ ನಿವ್ವಳ ಶೂನ್ಯಕ್ಕೆ ಇಳಿಸುವ ಗುರಿ ಹಾಕಿಕೊಂಡಿತು. ನಗರ ನೆರೆ ತಗ್ಗಿಸಲು ಹಣಕಾಸು ಆಯೋಗ ಏಳು ಮಹಾನಗರಗಳಿಗೆ ಶಿಫಾರಸು ಮಾಡಿದ 2,500 ಕೋಟಿಯಲ್ಲೂ ಬೆಂಗಳೂರಿಗೆ 250 ಕೋಟಿಯ ಪಾಲಿತ್ತು. ಬೆಂಗಳೂರಿಗೆ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. 2019ರಲ್ಲಿ ಮುಳುಗಿದ ಊರುಗಳು ಆ ಪಟ್ಟಿಯಲ್ಲಿಲ್ಲ ಎಂಬುದು ನೋವು.

ಸಣ್ಣ ಊರುಗಳಿಂದ ಇದು ಆಗದು ಎನ್ನುವವರು ಗಡಿಯಾಚೆ ನೋಡಬೇಕು. ಮಹಾರಾಷ್ಟ್ರ 2020ರ ಅಕ್ಟೋಬರ್ 2ರಂದು ‘ಮಾಝೀ ವಸುಂಧರಾ’ ಅಭಿಯಾನ ಆರಂಭಿಸಿತು. ಭೂಮಿ, ಜಲ, ಅಗ್ನಿ, ವಾಯು, ಆಕಾಶ ಎಂಬ ಪಂಚಮಹಾಭೂತಗಳ ಲೆಕ್ಕದಲ್ಲಿ ಮಹಾನಗರದಿಂದ ಹಿಡಿದು ನಗರ ಪಂಚಾಯಿತಿ, ಗ್ರಾಮ ಪಂಚಾಯಿತಿವರೆಗೆ ಅಂಕ ಕೊಟ್ಟು, ಜನಸಂಖ್ಯೆಗೆ ತಕ್ಕ ವರ್ಗದಲ್ಲಿ ಬಹುಮಾನದ ಹಣ ಕೊಡುತ್ತದೆ. ಚಿಕ್ಕ ಊರು ತನ್ನಂಥ ಚಿಕ್ಕ ಊರಿನೊಂದಿಗೆ ಸ್ಪರ್ಧಿಸುತ್ತದೆ, ಪುಣೆಯೊಂದಿಗಲ್ಲ. ಕೇರಳ 2018ರ ನೆರೆಯ ನಂತರ ತನ್ನ ಎಲ್ಲ ಸ್ಥಳೀಯ ಸಂಸ್ಥೆಗಳಿಂದ ವಿಪತ್ತು ನಿರ್ವಹಣಾ ಯೋಜನೆ ಬರೆಸಿತು. ವಯನಾಡಿನ ಮೀನಂಗಾಡಿ ಗ್ರಾಮ ಪಂಚಾಯಿತಿ 2016ರಲ್ಲೇ ಇಂಗಾಲ ಸಮತೋಲನದ ಗುರಿ ಇಟ್ಟುಕೊಂಡು, ಮರ ಕಡಿಯದೆ ಉಳಿಸಿದ ರೈತರಿಗೆ ಸಾಲ ಸಿಗುವಂತೆ ಮಾಡಿತು. ಇವರಲ್ಲಿದ್ದದ್ದು ಮನಸ್ಸು, ಜೊತೆಗೆ ಒಂದಷ್ಟು ತಾಂತ್ರಿಕ ನೆರವು.

ಬೆಳಗಾವಿ ಮತ್ತು ಖಾನಾಪುರ ಬೇರೆ ಬೇರೆ ಯೋಜನೆ ಬರೆದುಕೊಂಡರೂ ಕೆಲಸ ಅರ್ಧವೇ. ನಗರ ತನ್ನ ಗಡಿಯೊಳಗೆ ಎಷ್ಟೇ ಮರ ನೆಡಲಿ, ನದಿಯ ಮೇಲ್ಭಾಗದ ಕಾಡು ತೆಳ್ಳಗಾದರೆ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ. ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡು ಕಾಯುವ ಹೊಣೆ ಖಾನಾಪುರದ ಜನರ ಮೇಲಿದೆ. ರಸ್ತೆ ಬೇಡ, ಕಾರ್ಖಾನೆ ಬೇಡ, ಕಾಡಿನೊಳಗೆ ಹೆಜ್ಜೆ ಇಡಬೇಡ ಎಂಬ ನಿರ್ಬಂಧಗಳನ್ನು ಹೊತ್ತವರು ಅವರು. ನಗರದ ನೀರಿನ ಲೆಕ್ಕದಲ್ಲಿ ಅವರಿಗೂ ಒಂದು ಪಾಲು ಸಲ್ಲಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸಂವಿಧಾನದ 74ನೇ ತಿದ್ದುಪಡಿ 243ಝಡ್‌ಡಿ ವಿಧಿಯ ಮೂಲಕ ಜಿಲ್ಲಾ ಯೋಜನಾ ಸಮಿತಿಯನ್ನು ಕಟ್ಟಿಕೊಟ್ಟಿದೆ. ಪಂಚಾಯಿತಿ ಮತ್ತು ನಗರಗಳ ನಡುವೆ ನೀರು ಹಂಚುವುದು, ನೈಸರ್ಗಿಕ ಸಂಪನ್ಮೂಲ ಹಂಚಿಕೊಳ್ಳುವುದು, ಪರಿಸರ ಕಾಯುವುದು ಆ ಸಮಿತಿ ಗಮನದಲ್ಲಿಡಬೇಕಾದ ವಿಷಯಗಳು ಎಂದು ಅಲ್ಲೇ ಬರೆದಿದೆ. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗಳಿಗೆ ಸಕಾಲದಲ್ಲಿ ಚುನಾವಣೆ ನಡೆಯದೆ ಸಮಿತಿಯ ಕಸುವೇ ಕುಂದಿತು. ಮೇಯರ್ ಮತ್ತು ಪಟ್ಟಣ ಪಂಚಾಯಿತಿ ಅಧ್ಯಕ್ಷರು ಒಂದೇ ಮೇಜಿನ ಸುತ್ತ ಕೂತು ನದಿಯ ಬಗ್ಗೆ ಮಾತಾಡುವ ಜಾಗ ಇದ್ದೂ ಇಲ್ಲದಂತಾಗಿದೆ.

ರಾಜ್ಯ ಸರ್ಕಾರ ಮಾಡಬೇಕಾದದ್ದು ಬೆಟ್ಟದಷ್ಟೇನಲ್ಲ. ಸಿಟೀಸ್ 2.0ರ ಎರಡನೇ ಭಾಗದ ನೆರವನ್ನು ಪಟ್ಟಣ ಪಂಚಾಯಿತಿಗಳಿಗೂ ಹೆಸರು ಹಿಡಿದು ಮೀಸಲಿಡಲಿ. ಹತ್ತಾರು ಪಟ್ಟಣಗಳಿಗೆ ಸೇರಿ ಒಬ್ಬ ಹವಾಮಾನ ಅಧಿಕಾರಿಯನ್ನಾದರೂ ಜಿಲ್ಲೆಗೆ ಕೊಡಲಿ. ಬೆಳಗಾವಿಯ ಯೋಜನೆ ಮಾರ್ಕಂಡೇಯ ಮತ್ತು ಮಲಪ್ರಭೆಯ ಮೂಲದಿಂದ ಶುರುವಾಗಲಿ, ಪಾಲಿಕೆಯ ಗಡಿಕಲ್ಲಿನಿಂದಲ್ಲ.

ಪಾಲಿಕೆ ಬಜೆಟ್ ಪೂರ್ವ ಸಭೆ ಕರೆದಾಗ ಬೆಳಗಾವಿಯ ಓದುಗರು ಹೋಗಿ ಬಳ್ಳಾರಿ ನಾಲಾದ ನೆರೆ ನಕ್ಷೆ ಎಲ್ಲಿ ಎಂದು ಕೇಳಿ. ಖಾನಾಪುರದವರು ನಿಮ್ಮ ಪಂಚಾಯಿತಿಯಲ್ಲಿ ಇದೇ ಪ್ರಶ್ನೆಯನ್ನು ಮಲಪ್ರಭೆಯ ಬಗ್ಗೆ ಎತ್ತಿ. ಚಳಿಗಾಲದ ಅಧಿವೇಶನಕ್ಕೆ ಸುವರ್ಣ ವಿಧಾನಸೌಧಕ್ಕೆ ಬರುವ ಶಾಸಕರ ಕೈಗೆ ಎರಡೂ ಊರಿನವರು ಸೇರಿ ಒಂದೇ ಮನವಿ ಕೊಡಿ.