ಮಂದ್ರದ ಪೆಟ್ಟಿಗೆ: ನಾವೇ ಮಾಡಿದ್ದು, ನಾವೇ ಕೆಡಿಸಿದ್ದು

2023ರ ಮಹಾಸಭೆಯಲ್ಲಿ ಸದಸ್ಯ ಬಂಧುಗಳೊಬ್ಬರು ಎದ್ದು ನಿಂತು, ಜಮಾ-ಖರ್ಚಿನಲ್ಲಿ "ಧ್ವನಿವರ್ಧಕ ಸಾಮಾನು" ಎಂದು ತೋರಿಸಿದ ಮೊತ್ತ ಎರಡು ಸಲ ಏಕೆ ಬಂದಿದೆ ಎಂದು ಕೇಳಿದ್ದರು. ಅಂದು ವೇಳೆ ಸಾಲದೆ ಉತ್ತರ ಅರ್ಧಕ್ಕೇ ನಿಂತಿತು. ನಿಜ ಹೇಳಬೇಕೆಂದರೆ, ಉತ್ತರ ಕೊಡುವುದಕ್ಕೆ ನಮಗೂ ಅಷ್ಟೇನೂ ಉತ್ಸಾಹವಿರಲಿಲ್ಲ. ಈಗ ಪೆಟ್ಟಿಗೆಗಳೆರಡೂ ಸರಿಯಾಗಿ ನಡೆಯುತ್ತಿರುವುದರಿಂದ ಪೂರ್ತಿ ವಿವರವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ವಾರ್ಷಿಕೋತ್ಸವದ ರಾತ್ರಿ ಸದಸ್ಯರ ಮಕ್ಕಳೇ ಸೇರಿ ವಾದ್ಯಗೋಷ್ಠಿ ನಡೆಸುವುದು ಎಲ್ಲರಿಗೂ ತಿಳಿದದ್ದೇ. ಭಾಷಣಕ್ಕೆ, ಭಜನೆಗೆ ಸಾಲುವ ಮೈಕ್ ಸೆಟ್ಟು ಸಂಘದಲ್ಲಿ ಮೊದಲೇ ಇತ್ತು. ಇಲ್ಲದಿದ್ದುದು ತಗ್ಗಿನ ಸ್ವರ ಹೊರಡಿಸುವ ಪೆಟ್ಟಿಗೆ, ಹುಡುಗರ ಬಾಯಲ್ಲಿ ಸಬ್‌ವೂಫರ್. ಅದೊಂದಕ್ಕಾಗಿ ಪ್ರತಿ ವರ್ಷ ಪೇಟೆಯಿಂದ ಪೂರ್ತಿ ಸೆಟ್ಟನ್ನೇ ಲಾರಿಯಲ್ಲಿ ತರಿಸಿ, ಬಾಡಿಗೆ ಕೊಟ್ಟು, ಅದನ್ನು ತಂದವರಿಗೆ ಎರಡು ಹೊತ್ತು ಊಟ ಹಾಕಬೇಕಾಗಿತ್ತು. ಮೂರು ವರ್ಷದ ಬಾಡಿಗೆಗೆ ಪೆಟ್ಟಿಗೆಯನ್ನೇ ಮಾಡಿಕೊಳ್ಳಬಹುದೆಂದು ಹುಡುಗರು ಲೆಕ್ಕ ತೋರಿಸಿದರು. ಲೆಕ್ಕವೇನೋ ಸರಿಯಾಗಿಯೇ ಇತ್ತು.

ಬಾಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಆ ಸ್ವರದ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಇಷ್ಟು ದೊಡ್ಡ ಅಲೆ ಎಬ್ಬಿಸಲು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಅದಕ್ಕೇ 18 ಇಂಚಿನ ಸ್ಪೀಕರ್. ಆದರೆ ಬರಿಯ ಸ್ಪೀಕರನ್ನು ಮೇಜಿನ ಮೇಲಿಟ್ಟು ನುಡಿಸಿದರೆ ತಗ್ಗಿನ ಸ್ವರ ಕೇಳಿಸುವುದೇ ಇಲ್ಲ. ಅದರ ಕಾಗದದ ಶಂಕು ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದಿನ ಗಾಳಿ ಎಳೆದುಕೊಳ್ಳುತ್ತದೆ, ಎರಡೂ ಅಂಚಿನಲ್ಲಿ ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನದನ್ನು ಬೇರೆ ಮಾಡುವುದೇ ಪೆಟ್ಟಿಗೆಯ ಮೊದಲ ಕೆಲಸ.

ಎರಡನೆಯ ಕೆಲಸ ಸ್ವಾರಸ್ಯದ್ದು. ಘಟ ನುಡಿಸುವವರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ನಾದ ಬದಲಿಸುವುದನ್ನು ನೋಡಿದ್ದೀರಿ. ಒಳಗಿನ ಗಾಳಿ ಸ್ಪ್ರಿಂಗಿನಂತೆ, ಕುತ್ತಿಗೆಯ ಗಾಳಿ ಅದಕ್ಕೆ ಕಟ್ಟಿದ ತೂಕದಂತೆ. ಕುತ್ತಿಗೆ ಉದ್ದವಾದಷ್ಟೂ ತೂಕ ಹೆಚ್ಚು, ಸ್ವರ ತಗ್ಗು. ಇದರ ಗಣಿತವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ಹಾಕಿಕೊಟ್ಟಿದ್ದಾನೆ. ಸ್ಪೀಕರಿಗೂ ಪೆಟ್ಟಿಗೆಗೂ ಹೊಂದಾಣಿಕೆ ಲೆಕ್ಕಹಾಕುವ ಕ್ರಮವನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದರು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಇಂದಿಗೂ ಒಳ್ಳೆಯ ಸ್ಪೀಕರಿನ ಜತೆ ಬರುವ ಹಾಳೆಯಲ್ಲಿ ಇವರಿಬ್ಬರ ಹೆಸರಿನ ಅಂಕಿಗಳಿರುತ್ತವೆ. ಅವಿಲ್ಲದ ಸ್ಪೀಕರನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದೆಂದು ನಮ್ಮ ಸಲಹೆ.

ನಾವು ಎಡವಿದ್ದು ಈ ಕುತ್ತಿಗೆಯಲ್ಲಿ. ಹುಡುಗರು ತಂದ ನಕ್ಷೆಯಲ್ಲಿ ಮುಂಭಾಗದ ಕಂಡಿಯ ಹಿಂದೆ 33 ಸೆಂಟಿಮೀಟರ್ ಉದ್ದದ ಗೂಡು ಒಳಕ್ಕೆ ಹೋಗಿತ್ತು. ಆ ಹಲಗೆಗಾಗಿ ಇನ್ನೊಂದು ಪ್ಲೈವುಡ್ ಹಾಳೆ ಕೊಯ್ಯಬೇಕಾಗುವುದನ್ನು ಕಂಡು, ಗಾಳಿ ಹೋಗಲು ಕಂಡಿಯೊಂದೇ ಸಾಲದೇ ಎಂದು ನಾವೇ ನಕ್ಷೆ ತಿದ್ದಿದೆವು. ಆಚಾರ್ರನ್ನು ದೂರುವಂತಿಲ್ಲ. "ಸ್ವಾಮಿ, ನೀವು ಕಂಡಿ ಅಂದ್ರಿ, ಕಂಡಿ ಕೊರೆದಿದೀನಿ" ಎಂದು ಅವರು ಆಮೇಲೆ ಹೇಳಿದ್ದು ನ್ಯಾಯವೇ.

ಗೂಡಿಲ್ಲದ ಕಂಡಿಯಿಂದ ಪೆಟ್ಟಿಗೆಯ ಸ್ವರ 38 ಹರ್ಟ್ಸ್ ಇರಬೇಕಾದದ್ದು 62ರ ಆಸುಪಾಸಿಗೆ ಏರಿತು. ಮೊದಲೆರಡು ಹಾಡಿಗೆ ಎದೆ ಗುಮ್ಮೆಂದಿತು, ಜನ ಚಪ್ಪಾಳೆ ತಟ್ಟಿದರು. ಮೂರನೆಯದರಲ್ಲಿ ಬಾಸ್ ಗಿಟಾರಿನ ಹುಡುಗ ಕೆಳಗಿನ ತಂತಿಗೆ ಇಳಿದ. ಪೆಟ್ಟಿಗೆಯ ಸ್ವರಕ್ಕಿಂತ ಕೆಳಗೆ ಹೋದಾಗ ಒಳಗಿನ ಗಾಳಿ ಶಂಕುವನ್ನು ತಡೆದು ಹಿಡಿಯುವುದಿಲ್ಲ; ಕಡಿವಾಣವಿಲ್ಲದ ಎತ್ತಿನಂತೆ ಅದು ಹಿಂದೆ ಮುಂದೆ ಎಗರುತ್ತದೆ. ಟಪಟಪ ಸದ್ದು ಬಂತು, ಸುಟ್ಟ ವಾಸನೆ ಬಂತು, ಆಮೇಲೆ ಏನೂ ಬರಲಿಲ್ಲ. ಅರ್ಧ ಹಾಳೆ ಪ್ಲೈವುಡ್ ಉಳಿಸಲು ಹೋಗಿ 14,000 ರೂಪಾಯಿಯ ಸ್ಪೀಕರ್ ಕಳೆದೆವು. ಎರಡನೆಯ ಸಲ ಬಂದ ಮೊತ್ತ ಅದೇ. ಅದರಲ್ಲಿ ಅರ್ಧವನ್ನು ಈ ಬರಹಗಾರರ ಗೌರವಧನದಿಂದ ಮುರಿದುಕೊಂಡಿದೆ; ರಸೀದಿ ಕಚೇರಿಯಲ್ಲಿದೆ.

ಎರಡನೆಯ ಸಲ ಮಾಡಿದ ಅಳತೆ ಹೀಗಿದೆ. ಒಳ ಅಗಲ 60, ಎತ್ತರ 60, ಆಳ 55 ಸೆಂಟಿಮೀಟರ್. ತಳದಲ್ಲಿ ಪೂರ್ತಿ ಅಗಲಕ್ಕೆ 6.7 ಸೆಂಟಿಮೀಟರ್ ಎತ್ತರದ ಗೂಡು, ಒಳಕ್ಕೆ 33. ಸ್ಪೀಕರ್, ಗೂಡು, ಅಡ್ಡಪಟ್ಟಿ ಕಳೆದು ಉಳಿಯುವ ಗಾಳಿ ಸುಮಾರು 170 ಲೀಟರ್. ಇದು ನಮ್ಮ ಸ್ಪೀಕರಿನ ಅಂಕಿಗೆ ಹೊಂದಿದ್ದು. ಬೇರೆಯದಕ್ಕೆ ಬೇರೆ ಲೆಕ್ಕ. 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಮೂರು ಹಾಳೆಗೆ ಎರಡು ಪೆಟ್ಟಿಗೆ ಆಗುತ್ತವೆ. ತೋಟದ ಹಲಸು, ಸಿಲ್ವರ್ ಓಕ್ ಇರುವಾಗ ಪ್ಲೈವುಡ್ ಏಕೆಂದು ಹಲವರು ಕೇಳಿದರು. ಇಡಿ ಹಲಗೆ ನಮ್ಮ ಮಳೆಗಾಲಕ್ಕೆ ಉಬ್ಬಿ, ಬೇಸಗೆಗೆ ಕುಗ್ಗಿ, ಕೂಡಿಸಿದಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳ ಎಳೆ ಅಡ್ಡ-ನೇರವಾಗಿರುವುದರಿಂದ ಆ ಕಾಟ ಕಡಿಮೆ. ಐಎಸ್ 710 ಎಂದು ಮುದ್ರೆಯಿರುವ ಮೆರೈನ್ ಪ್ಲೈವುಡ್ ತೆಗೆದುಕೊಂಡೆವು. ನಾವು ಮಾರಿದ ಸಿಲ್ವರ್ ಓಕ್ ಪ್ಲೈವುಡ್ ಕಾರ್ಖಾನೆಗೇ ಹೋಗುತ್ತದೆಂಬುದನ್ನು ಇಲ್ಲಿ ನೆನೆಯಬಹುದು. ಹೋದ ಬೆಲೆಗೂ ಬಂದ ಬೆಲೆಗೂ ಇರುವ ಅಂತರವನ್ನು ಮಾತ್ರ ನೆನೆಯದಿರುವುದೇ ಲೇಸು.

ಕೂಡಿಸುವಾಗ ಅಂಟು ಧಾರಾಳವಾಗಿ ಹಚ್ಚಿ, ಆರು ಇಂಚಿಗೊಂದು ಸ್ಕ್ರೂ ಹಾಕಿ, ಎದುರು ಬದುರು ಗೋಡೆಗಳಿಗೆ ಅಡ್ಡಪಟ್ಟಿ ಕೊಟ್ಟೆವು. ಪರೀಕ್ಷೆಗೆ ಮೊಬೈಲಿನಿಂದ 38 ಹರ್ಟ್ಸ್ ಸ್ವರ ಹಚ್ಚಿ, ಊದುಬತ್ತಿಯನ್ನು ಕೂಡುಗಳ ಸುತ್ತ ಹಿಡಿದೆವು. ಹೊಗೆ ನಡುಗಿದಲ್ಲಿ ಸೋರಿಕೆ. ಪೆಟ್ಟಿಗೆ ಸರಿಯಾಗಿದ್ದರೆ ಈ ಸ್ವರದಲ್ಲಿ ಶಂಕು ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಗಾಳಿಯೆಲ್ಲ ಗೂಡಿನಿಂದ ಬೀಸುತ್ತದೆ. ಅದನ್ನು ಕಣ್ಣಾರೆ ಕಂಡಾಗಲೇ ನಮಗೆ ಜೀವ ಬಂದದ್ದು. ಇದರ ಮೇಲೆ, 35 ಹರ್ಟ್ಸಿನ ಕೆಳಗಿನದನ್ನು ಆಂಪ್ಲಿಫೈಯರಿಗೆ ಬಿಡದಂತೆ ಕಡಿದುಹಾಕುವ ಫಿಲ್ಟರನ್ನೂ ಇಟ್ಟಿದ್ದೇವೆ. 100ರ ಮೇಲಿನದು ಹಳೆಯ ಪೆಟ್ಟಿಗೆಗಳ ಪಾಲು.

ವೇದಿಕೆಯ ಎರಡು ಬದಿಗೆ ಒಂದೊಂದು ಇಟ್ಟರೆ ನೋಡಲು ಚೆಂದ, ಕೇಳಲು ಅಲ್ಲ. 60 ಹರ್ಟ್ಸ್ ಅಲೆಯ ಅರ್ಧ ಉದ್ದ 2.9 ಮೀಟರ್. ಒಂದು ಪೆಟ್ಟಿಗೆಗಿಂತ ಇನ್ನೊಂದು ಅಷ್ಟು ದೂರ ಹೆಚ್ಚಿರುವ ಜಾಗದಲ್ಲಿ ಕುಳಿತವರಿಗೆ ಆ ಸ್ವರವೇ ಇಲ್ಲವಾಗುತ್ತದೆ. ಎರಡನ್ನೂ ನಡುವೆ ಒತ್ತೊತ್ತಾಗಿ ನೆಲಕ್ಕಿಟ್ಟರೆ ಒಂದಕ್ಕಿಂತ 6 ಡೆಸಿಬೆಲ್ ಹೆಚ್ಚು ಸಿಗುತ್ತದೆ, ಕಾಸಿಲ್ಲದೆ.

ಪೆಟ್ಟಿಗೆ ಬೇಕಾದ ಸದಸ್ಯರು ಮದುವೆ, ಹಬ್ಬಗಳಿಗೆ ಬಾಡಿಗೆಯಿಲ್ಲದೆ ಒಯ್ಯಬಹುದು. ಒಂದೊಂದೂ 50 ಕಿಲೋ ಕಾಫಿ ಮೂಟೆಯ ತೂಕಕ್ಕೆ ಹತ್ತಿರವಿದೆ, ಇಬ್ಬರು ಆಳು ಬೇಕು. ರಾತ್ರಿ 10ರ ನಂತರ ಅನುಮತಿಯಿಲ್ಲದೆ ಹೊರಗೆ ನುಡಿಸುವುದು 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಕೂಡದು. ತಗ್ಗಿನ ಸ್ವರವನ್ನು ಮರಗಿಡ ತಡೆಯುವುದಿಲ್ಲವಾಗಿ ಪಕ್ಕದ ತೋಟದವರಿಗೆ ಮೊದಲೇ ತಿಳಿಸುವುದೂ ಒಳಿತು. ಹಿಂತಿರುಗಿಸುವಾಗ ಗೂಡಿನ ಬಾಯಿಗೆ ಜಾಲರಿ ಹಾಕಿದೆಯೇ ನೋಡಿ. ಜೂನ್ ತಿಂಗಳಲ್ಲಿ ಗೋದಾಮಿನ ಇಲಿಗೆ ಇದಕ್ಕಿಂತ ಬೆಚ್ಚನೆಯ ಮನೆಯಿಲ್ಲ, ಕಾಗದದ ಶಂಕುವಿಗಿಂತ ಒಳ್ಳೆಯ ಹಾಸಿಗೆಯೂ ಇಲ್ಲ. ನಕ್ಷೆಯ ಪ್ರತಿ ಕಚೇರಿಯಲ್ಲಿ ಸಿಗುತ್ತದೆ. ತಿದ್ದುಪಡಿ ಮಾಡದ ಪ್ರತಿ.